ಕುಸುಬಿ ಎಣ್ಣೆಗೆ ‘ಎಕ್ಸೋಟಿಕ್’ ಅನ್ನಬ್ಯಾಡ್ರಿ

ಕಳೆದ ವಾರ ಬೆಂಗಳೂರಿನ ನನ್ನ ಫ್ಲ್ಯಾಟಿಗೆ ಆಫೀಸಿನ ಗೆಳೆಯನೊಬ್ಬ ಊಟಕ್ಕೆ ಬಂದಿದ್ದ. ಅಡುಗೆಮನೆಯಲ್ಲಿದ್ದ ಬಾಟಲಿ ಮೂಸಿ ನೋಡಿ, ‘ಏನೋ ಇದು, ಎಕ್ಸೋಟಿಕ್ ಫ್ಲೇವರ್ಡ್ ಆಯಿಲ್! ಎಲ್ಲಿ ಆರ್ಡರ್ ಮಾಡಿದೆ?’ ಅಂದ. ಆರ್ಡರ್ ಮಾಡಿದ್ದಲ್ಲ ದೋಸ್ತ, ಔರಾದ್ ತಾಲ್ಲೂಕಿನ ಚಿಂತಾಕಿಯಿಂದ ನಮ್ಮ ಆಯಿ ಕಳಿಸಿದ್ದು. ಗಾಣದ ಕುಸುಬಿ ಎಣ್ಣೆ. ಅದಕ್ಕೆ ಯಾರೂ ಫ್ಲೇವರ್ ಸೇರಿಸಿಲ್ಲ, ಕುಸುಬಿಯ ವಾಸನೆಯೇ ಅದು.

ಎಣ್ಣೆಗೆ ತನ್ನ ಬೀಜದ ವಾಸನೆ ಇರೋದೇ ಒಂದು ವಿಶೇಷ ಆಗಿಬಿಟ್ಟಿದೆಯಲ್ಲ, ನನ್ನ ಜಗಳ ಇರೋದು ಅಲ್ಲೇ. ರಿಫೈನರಿಯಲ್ಲಿ ಮೊದಲು ಬಣ್ಣ ತೆಗೀತಾರೆ, ಕೊನೆಗೆ ಬಿಸಿ ಆವಿ ಹಾಯಿಸಿ ವಾಸನೆಯನ್ನೂ ತೆಗೀತಾರೆ. ಉಳಿಯೋದು ಯಾವ ಬೀಜದ್ದು ಅಂತ ಮೂಗು ಗುರುತಿಸಲಾರದ ಎಣ್ಣೆ. ಅದನ್ನೇ ತಿಂದು ಬೆಳೆದ ನಮಗೆ ಖರೇ ಎಣ್ಣೆ ಕಮಟು ಅನ್ನಿಸ್ತದೆ. ಆಮೇಲೆ ಅದೇ ನಾವು ಟ್ರಫಲ್ ಆಯಿಲಿನ ಪುಟ್ಟ ಬಾಟಲಿಗೆ ದುಡ್ಡು ಸುರೀತೀವಿ. ಅಂಗಡಿಯ ಬಹುತೇಕ ಟ್ರಫಲ್ ಎಣ್ಣೆಗೆ ಆ ಘಮ ಬರೋದು ಲ್ಯಾಬಿನಲ್ಲಿ ತಯಾರಾದ ಗಂಧಕದ ಸಂಯುಕ್ತದಿಂದ. ಊರಿನ ವಾಸನೆ ತೆಗೆಸಿ ಕಾರ್ಖಾನೆಯ ವಾಸನೆ ಕೊಂಡುಕೊಳ್ಳೋ ವ್ಯಾಪಾರ ಇದು.

‘ಇದನ್ನ ಹೊಸ ಥರ ಬಳಸೋದು ಹೇಗೆ?’ ಅಂತ ಗೆಳೆಯ ಫೋನ್ ತೆಗೆದ. ಇಂಗ್ಲಿಷ್ ಪುಟವೊಂದು ಸ್ಯಾಫ್ಲವರ್ ಎಣ್ಣೆ 230 ಡಿಗ್ರಿವರೆಗೂ ಹೊಗೆಯಾಡಲ್ಲ, ಡೀಪ್ ಫ್ರೈಗೆ ಉತ್ತಮ ಅಂತ ಹೇಳಿತು. ಆ ಮಾತು ರಿಫೈನ್ಡ್ ಎಣ್ಣೆಗೆ ಸರಿ. ರಿಫೈನ್ ಮಾಡದ ಕುಸುಬಿ ಎಣ್ಣೆ ಸುಮಾರು 107 ಡಿಗ್ರಿಗೇ ಹೊಗೆ ಬಿಡೋಕೆ ಶುರು. ಅದರಲ್ಲಿ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಕಾವು, ಬೆಳಕು, ಗಾಳಿ ಮೂರೂ ಅದಕ್ಕೆ ಆಗಿಬರಲ್ಲ. ಪುಟ ನಂಬಿ ಫ್ರೈ ಮಾಡಿ, ಹೊಗೆ ಕುಡಿದು, ‘ಹಳ್ಳಿ ಎಣ್ಣೆ ಸರಿ ಇಲ್ಲ’ ಅಂದರೆ ತಪ್ಪು ಎಣ್ಣೆಯದಾ?

ಆಯಿಗೆ ಫೋನ್ ಹಚ್ಚಿ ಕೇಳಿದೆ. ‘ಅದರಾಗ ಕಲಿಯೋದು ಏನದಪ್ಪಾ? ಬಿಸಿ ರೊಟ್ಟಿ, ಕಾರೆಳ್ಳ ಹಿಂಡಿ, ಮ್ಯಾಲ ಹಸಿ ಎಣ್ಣಿ. ಮುಗೀತು’ ಅಂದಳು.

ಅಷ್ಟೇ ರೀ ಸೂತ್ರ: ಹಸಿಯಾಗಿ, ಕೊನೆಗೆ, ಮೇಲಿಂದ. ಇಷ್ಟು ಪಾಲಿಸಿದರೆ ನಿಮ್ಮ ಕ್ರಿಯೇಟಿವಿಟಿಗೆ ನನ್ನ ತಕರಾರಿಲ್ಲ. ಪಾಸ್ತಾ ಒಲೆಯಿಂದ ಇಳಿಸಿದ ಮೇಲೆ ಒಂದು ಚಮಚ ಹಾಕಿ, ಶೇಂಗಾ ಹಿಂಡಿ ಉದುರಿಸಿ. ಸೌತೆ, ಉಳ್ಳಾಗಡ್ಡಿ, ಹಸಿ ಮೆಂತ್ಯೆ ಸೊಪ್ಪಿಗೆ ನಿಂಬೆರಸದ ಜೊತೆ ಕಲೆಸಿ. ಹಮ್ಮಸ್ ಮೇಲೆ ಸುರೀರಿ, ಬೇಯಿಸಿದ ಮೊಟ್ಟೆ ಮೇಲೂ ಸುರೀರಿ. ಸಣ್ಣ ಬಾಟಲಿ ತಂದು, ಕತ್ತಲಲ್ಲಿಟ್ಟು, ಬೇಗ ಮುಗಿಸಿ.

ಆದರೆ ರೆಸಿಪಿ ದೊಡ್ಡ ಮಾತಲ್ಲ. ದೊಡ್ಡ ಮಾತು ಹೊಲದ್ದು. ಕುಸುಬಿ ಹಿಂಗಾರಿ ಬೆಳೆ, ಎರೆ ಮಣ್ಣಿನ ಆಳದ ತೇವ ಹೀರಿಯೇ ಬೆಳೀತದೆ. ಎಳೆ ಸೊಪ್ಪು ಪಲ್ಯಕ್ಕೆ, ಬೀಜ ರುಬ್ಬಿ ತೆಗೆದ ಹಾಲು ಹುಗ್ಗಿಗೆ. ಜೋಳದ ಹೊಲದ ಸುತ್ತ ನಾಲ್ಕು ಸಾಲು ಬಿತ್ತಿದರೆ ಮುಳ್ಳಿಗೆ ಹೆದರಿ ದನ ಒಳಗೆ ಬರಲ್ಲ. ಆದರೆ ಅದೇ ಮುಳ್ಳು ಕೊಯ್ಲಿಗೆ ಶಾಪ. ಬೆಳಗಿನ ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ ಕೈಗೆ ಅರಿವಿ ಸುತ್ತಿಕೊಂಡು ಕೊಯ್ಯಬೇಕು. 1994ರಲ್ಲಿ ಪಾಮೊಲಿನ್ ಆಮದಿಗೆ ದೇಶದ ಬಾಗಿಲು ತೆರೀತು. ಆ ಅಗ್ಗದ ಎಣ್ಣೆಯ ಎದುರು ಈ ಮುಳ್ಳಿನ ಕೂಲಿ ಯಾರು ಕೊಡ್ತಾರೆ? ಬೀದರ್ ಜಿಲ್ಲೆಯಲ್ಲಿ ಈಗ ಎಲ್ಲಿ ನೋಡಿದರೂ ಸೋಯಾ, ಅದರ ಹಿಂದೆ ಕಡಲೆ. ದೇಶ ಬಳಸೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು.

ನಮ್ಮ ಹೊಲದಲ್ಲೂ ಕುಸುಬಿ ಉಳಿದದ್ದು ಬದುವಿನ ನಾಲ್ಕೇ ಸಾಲು, ಅದೂ ಆಯಿಯ ಹಟಕ್ಕೆ. ಪ್ರತಿ ವರ್ಷ ಅಣ್ಣ ಕೇಳ್ತಾನೆ, ‘ಈ ಸಲ ಬಿಟ್ಟುಬಿಡಮು?’ ಅವನಿಗೆ ‘ಪರಂಪರೆ ಉಳಿಸು’ ಅಂತ ಉಪದೇಶ ಮಾಡೋ ಹಕ್ಕು, ಬೆಂಗಳೂರಲ್ಲಿ ಕೂತು ಪಾಮ್ ಎಣ್ಣೆಯ ಚಿಪ್ಸ್ ತಿನ್ನೋ ನನಗಿಲ್ಲ. ಎಣ್ಣೆಯ ಫೋಟೊಗೆ ಲೈಕ್ ಬಂದರೆ ಅವನ ಕೂಲಿ ಖರ್ಚು ಹುಟ್ಟಲ್ಲ.

ಅದಕ್ಕೇ ಗೆಳೆಯ ಹೊರಡುವಾಗ ‘ನನಗೂ ಒಂದು ಲೀಟರ್ ಕೊಡು’ ಅಂದಾಗ ನಾನು ಪುಕ್ಕಟೆ ಕೊಡಲಿಲ್ಲ. ರೇಟ್ ಹೇಳಿದೆ. ‘ಇಷ್ಟಾ?’ ಅಂದ. ಹೌದು, ಇಷ್ಟೇ. ಅದರಲ್ಲಿ ಮುಳ್ಳಿನ ಕೂಲಿಯೂ ಸೇರಿದೆ.