ಬಾಗುವ ಯಂತ್ರ, ಬಾಗದ ಬಂಡಿ

ಮೂವತ್ತು ವರ್ಷಕಾಲ ಹುಡುಗರಿಗೆ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದವನು ಪೆಟ್ರೋಲು ಯಂತ್ರದ ವಿಷಯವಾಗಿ ಬರೆಯಹೊರಟುದು ವಾಚಕ ಮಹಾಶಯರಿಗೆ ಸೋಜಿಗವಾಗಿ ತೋರಬಹುದು. ಆದಕಾರಣ ಹಿನ್ನೆಲೆಯನ್ನು ಮೊದಲೇ ಅರಿಕೆಮಾಡುವೆನು. ಕಳೆದ ಬೇಸಗೆಯಲ್ಲಿ ನಾನೂ ನನ್ನ ಪತ್ನಿಯೂ ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಅಲ್ಲಿ ನಮ್ಮ ಅಳಿಯಂದಿರು ಬಿಡುವಿನ ವೇಳೆಯಲ್ಲಿ ತಮ್ಮ ಕೈಯಿಂದಲೇ ಒಂದು ಕಾರನ್ನು ಕಟ್ಟಿದ್ದಾರೆ.

ಬಿಡಿಭಾಗಗಳನ್ನು ತಂದು ಮನೆಯಲ್ಲಿಯೇ ಜೋಡಿಸಿಕೊಳ್ಳುವ ಇಂತಹ ಬಂಡಿಗೆ ಆ ದೇಶದವರು ‘ಕಿಟ್ ಕಾರ್’ ಎನ್ನುವರು. ಪೂರ್ಣವಾಗಿ ತಯಾರಾದ ಕಾರಿಗೆ ಅಲ್ಲಿ ಹಿಂದೆ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳಾಗಿ ಕೊಂಡು ಜೋಡಿಸಿಕೊಂಡವನಿಗೆ ಆ ತೆರಿಗೆ ತಪ್ಪುತ್ತಿತ್ತು. 1957ರಲ್ಲಿ ಕಾಲಿನ್ ಚಾಪ್ಮನ್ ಎಂಬಾತನು ಹೊರತಂದ ‘ಲೋಟಸ್ ಸೆವೆನ್’ ಎಂಬ ಪುಟ್ಟ ಕಾರು ಹೀಗೆಯೇ ಮನೆಮನೆಯ ಗ್ಯಾರೇಜುಗಳನ್ನು ಹೊಕ್ಕಿತು. 1973ರಲ್ಲಿ ತೆರಿಗೆಯ ಕ್ರಮ ಬದಲಾದರೂ ಕಟ್ಟುವ ಹವ್ಯಾಸವು ಮಾತ್ರ ಉಳಿಯಿತು. ಅಂತಹ ಹಗುರವಾದ ಬಂಡಿಗೆ ಮೋಟಾರು ಸೈಕಲ್ಲಿನ ಯಂತ್ರವನ್ನೇ ತೊಡಿಸುವ ಸಂಪ್ರದಾಯವೂ ಉಂಟು. 1998ರಲ್ಲಿ ಬಂದ ಯಮಾಹಾ ‘ಆರ್ ಒನ್’ ಯಂತ್ರವು 998 ಘನ ಸೆಂಟಿಮೀಟರುಗಳಷ್ಟೇ ಇದ್ದರೂ ನಿಮಿಷಕ್ಕೆ 11,000 ಸುತ್ತುಗಳನ್ನೂ ಮೀರಿ ತಿರುಗಬಲ್ಲದು. 2002ರ ಮಾದರಿಯಲ್ಲಿ ಇಂಧನವನ್ನು ಚಿಮ್ಮಿಸುವ ವಿದ್ಯುತ್ ವ್ಯವಸ್ಥೆ ಬರುವವರೆಗೆ ಅದಕ್ಕೆ ನಾಲ್ಕು ಕಾರ್ಬುರೇಟರುಗಳಿದ್ದುವು. ಅಳಿಯಂದಿರು ತಮ್ಮ ಬಂಡಿಗೆ ಕೂರಿಸಿದ್ದುದೂ ನಾಲ್ಕು ಕಾರ್ಬುರೇಟರುಗಳ ಇಂತಹುದೇ ಒಂದು ಹಳೆಯ ಯಂತ್ರವನ್ನು.

ಕಾರ್ಬುರೇಟರಿಗೆ ನಾನು ‘ವಾಯ್ವಿಂಧನಮಿಶ್ರಕ’ ಎಂದು ನಾಮಕರಣ ಮಾಡಿದೆನು. ಅಳಿಯಂದಿರು ನಕ್ಕು, “ಮಾವ, ಆ ಹೆಸರು ಹೇಳಿ ಮುಗಿಸುವುದರೊಳಗೆ ಯಂತ್ರ ನಿಂತುಹೋಗುತ್ತದೆ” ಎಂದರು. ಹೆಸರು ಹೇಗೂ ಇರಲಿ, ಅದರ ಕೆಲಸ ಸರಳವಾದುದು. ಯಂತ್ರವು ಗಾಳಿಯನ್ನು ಒಂದು ಇಕ್ಕಟ್ಟಾದ ಕಂಠದ ಮೂಲಕ ಸೆಳೆಯುವಾಗ ಅಲ್ಲಿ ಒತ್ತಡವು ಕುಗ್ಗುವುದು. ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ಸಣ್ಣ ರಂಧ್ರದಿಂದ ಮೇಲೇರಿ ಗಾಳಿಯೊಡನೆ ಬೆರೆಯುವುದು. ಮನೆಯ ತೊಟ್ಟಿ ತುಂಬಿದಾಗ ತೇಲುಚೆಂಡು ನಲ್ಲಿಯನ್ನು ಮುಚ್ಚುವಂತೆ ಆ ಬಟ್ಟಲಿನಲ್ಲಿಯೂ ಒಂದು ಫ್ಲೋಟ್ ಇದ್ದು ಪೆಟ್ರೋಲಿನ ಮಟ್ಟವನ್ನು ಕಾಯುವುದು. ಪೂರ್ಣ ದಹನಕ್ಕೆ ತೂಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು.

ಅಳಿಯಂದಿರ ಬಂಡಿ ನೇರವಾದ ದಾರಿಯಲ್ಲಿ ಬಾಣದಂತೆ ಓಡುತ್ತಿತ್ತು. ಆದರೆ ನಾಲ್ಕು ದಾರಿಗಳು ಕೂಡುವ ವೃತ್ತವನ್ನು ಹೊಕ್ಕೊಡನೆ ಕೆಮ್ಮಿ ಕೆಮ್ಮಿ ನಿಲ್ಲುವುದು! ಅಲ್ಲಿಯೂ ನಮ್ಮಲ್ಲಿಯಂತೆ ಎಡಬದಿಯ ಸಂಚಾರ. ವೃತ್ತವನ್ನು ಪ್ರದಕ್ಷಿಣವಾಗಿ, ಎಂದರೆ ಬಲಕ್ಕೆ ತಿರುಗುತ್ತಲೇ ಸುತ್ತಬೇಕು. ನಡುವೃತ್ತದಲ್ಲಿ ಬಂಡಿ ನಿಂತು ಹಿಂದಿನಿಂದ ಲಾರಿ ಬಂದರೆ ಗತಿಯೇನು? “ಅಪ್ಪಾ, ಇದು ಸರಿಯಾಗುವವರೆಗೆ ಮಗುವನ್ನು ಇದರಲ್ಲಿ ಕೂರಿಸುವುದಿಲ್ಲ” ಎಂದು ಮಗಳು ಖಂಡಿತವಾಗಿ ಹೇಳಿಬಿಟ್ಟಳು.

ಅಳಿಯಂದಿರು ಜೆಟ್ಟುಗಳನ್ನು ದೊಡ್ಡವು ಮಾಡಿದ್ದರು, ಸೂಜಿಗಳನ್ನು ಎತ್ತಿದ್ದರು, ತಿರುಪುಗಳನ್ನು ತಿರುಗಿಸಿದ್ದರು. ಎಲ್ಲವನ್ನೂ ಒಂದೇ ಸಂಜೆಯಲ್ಲಿ. ನನಗೆ ಯಂತ್ರಶಾಸ್ತ್ರ ತಿಳಿಯದು. ಆದರೆ ಅನ್ವಯ–ವ್ಯತಿರೇಕ ತಿಳಿದಿದೆ: ಇದು ಇದ್ದರೆ ಅದು ಇರುವುದು, ಇದು ಇಲ್ಲದಿದ್ದರೆ ಅದೂ ಇರದು ಎಂದು ಕಂಡ ಮೇಲಲ್ಲವೇ ಕಾರಣವನ್ನು ನಿಶ್ಚಯಿಸುವುದು? ಮೂರನ್ನು ಒಟ್ಟಿಗೆ ಬದಲಾಯಿಸಿದವನಿಗೆ ಯಾವುದರಿಂದ ಏನಾಯಿತೆಂಬುದು ಹೇಗೆ ಗೊತ್ತಾಗಬೇಕು? ನಾನು ಒಂದು ನೋಟು ಪುಸ್ತಕವನ್ನು ತರಿಸಿ, ಒಂದು ಬದಲಾವಣೆಗೆ ಒಂದು ಸಾಲು ಎಂಬ ನಿಯಮವನ್ನು ಹಾಕಿದೆನು. ಹಳೆಯ ಅಭ್ಯಾಸ, ಬಿಡದು.

ಜೆಟ್ಟುಗಳನ್ನು ಹಿಗ್ಗಿಸಿದುದು ತಪ್ಪಾಗಿರಲಿಲ್ಲ. ಮೋಟಾರು ಸೈಕಲ್ಲಿನಲ್ಲಿ ಕಾರ್ಬುರೇಟರುಗಳು ಒಂದು ಮುಚ್ಚಿದ ಪೆಟ್ಟಿಗೆಯಿಂದ ಗಾಳಿಯನ್ನು ಸೆಳೆಯುವುವು. ಈ ತಗ್ಗಾದ ಬಾನೆಟ್ಟಿನಡಿಯಲ್ಲಿ ಅದಕ್ಕೆ ಎಡೆಯಿಲ್ಲದೆ ಅಳಿಯಂದಿರು ಅದನ್ನು ತೆಗೆದು ಬರಿಯ ಸ್ಪಂಜಿನ ಫಿಲ್ಟರನ್ನು ಇಟ್ಟಿದ್ದರು. ಆಗ ಮಿಶ್ರಣವು ತೆಳುವಾಗುವುದು. ಮಿಶ್ರಣವು ದಪ್ಪವಾದರೆ ಪ್ಲಗ್ಗು ಮಸಿಹಿಡಿದು ಹೊಗೆಬಂದು ದೂರು ಹೇಳುವುದು. ತೆಳುವಾದರೆ ಯಂತ್ರವು ಸದ್ದಿಲ್ಲದೆ ಬೆಂದು ಪಿಸ್ಟನ್ನಿನ ತಲೆಯೇ ತೂತಾಗುವುದುಂಟು. ಬಿಳುಚಿದ ಪ್ಲಗ್ಗೊಂದೇ ಅದರ ಮುನ್ಸೂಚನೆ. ಸೈಕಲ್ಲಿಗಿಂತ ಎರಡು ಪಟ್ಟಿಗೂ ಮಿಕ್ಕಿದ ತೂಕವನ್ನು ಎಳೆಯಬೇಕಾದ ಯಂತ್ರಕ್ಕೆ ಈ ಅಪಾಯ ಇನ್ನೂ ಹೆಚ್ಚು. ಹೊಸ ಜೆಟ್ಟುಗಳಿಂದ ಪ್ಲಗ್ಗುಗಳು ತಿಳಿಗಂದು ಬಣ್ಣಕ್ಕೆ ಬಂದಿದ್ದುವು.

ಹಾಗಾದರೆ ಬಲದಿರುವಿನ ಕೆಮ್ಮು ಏತರದು? ಮೋಟಾರು ಸೈಕಲ್ಲು ತಿರುವಿನಲ್ಲಿ ಬಾಗುವುದು. ಬಾಗಿದಾಗ ಬಟ್ಟಲಿನ ಪೆಟ್ರೋಲು ಬಟ್ಟಲಿನ ತಳಕ್ಕೇ ಒತ್ತಿಕೊಂಡಿರುವುದು. ಹಾಲಿನ ಕ್ಯಾನನ್ನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಓರೆಯಾಗಿ ತಿರುಗುವವನ ಹಾಲು ಚೆಲ್ಲದು. ಬಸ್ಸಿನ ನೆಲದ ಮೇಲಿಟ್ಟ ಸಾರಿನ ಪಾತ್ರೆಯೋ ತಿರುವಿನಲ್ಲಿ ತುಳುಕುವುದು. ಕಾರು ಬಾಗದು, ಪೆಟ್ರೋಲು ಬಟ್ಟಲಿನ ಹೊರಮಗ್ಗುಲಿಗೆ ಸರಿದು ಜೆಟ್ಟಿನ ಬಾಯಿ ಬರಿದಾಗುವುದು. ಇದೇ ಕಾರಣದಿಂದ ಕೆಳಗಿನ ತೊಟ್ಟಿಯ ಎಣ್ಣೆಯೂ ಸರಿದು ಬೇರಿಂಗುಗಳು ಒಣಗುವುವೆಂದು ಅಳಿಯಂದಿರು ಅಲ್ಲಿ ತಗಡಿನ ಅಡ್ಡಗೋಡೆಗಳನ್ನು ಮೊದಲೇ ಹಾಕಿಸಿದ್ದರು. ಎಣ್ಣೆಯನ್ನು ನೆನೆದವರು ಪೆಟ್ರೋಲನ್ನು ಮರೆತಿದ್ದರು!

ಮುಂದಿನ ಶನಿವಾರ ನಾನು ಟಾರ್ಚು ಹಿಡಿದೆನು, ಅವರು ನಾಲ್ಕು ಬಟ್ಟಲುಗಳನ್ನೂ ಬಿಚ್ಚಿದರು. ಎರಡರಲ್ಲಿ ಪೆಟ್ರೋಲಿನ ಮಟ್ಟವು ತಗ್ಗಾಗಿತ್ತು; ನೇರದಾರಿಗೆ ಸಾಕು, ತಿರುವಿಗೆ ಸಾಲದು. ಫ್ಲೋಟಿನ ನಾಲಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ ಮಟ್ಟವನ್ನು ಸರಿಮಾಡಿದರು. ಅದಕ್ಕೆ ಒಂದು ಸಾಲು. ಮರುವಾರ ನಾಲ್ಕು ಮಾಪಕಗಳನ್ನು ಜೋಡಿಸಿ ನಾಲ್ಕರ ಸೆಳೆತವನ್ನೂ ಸಮಗೊಳಿಸಿದರು. ಅದಕ್ಕೊಂದು ಸಾಲು.

ನಾವು ಹೊರಡುವ ಹಿಂದಿನ ಸಂಜೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ವೃತ್ತಕ್ಕೆ ಒಯ್ದರು. ಒಂದು ಪ್ರದಕ್ಷಿಣೆ ಬಂದೆವು, ಕೆಮ್ಮಲಿಲ್ಲ. ಎರಡನೆಯದನ್ನು ತುಸು ವೇಗವಾಗಿ ಬಂದೆವು. ಒಮ್ಮೆ ಮಾತ್ರ ಉಸಿರು ಹಿಡಿದಂತಾಗಿ ಮತ್ತೆ ಓಡಿತು. ಮನೆಗೆ ಬಂದು ಆ ಸಾಲನ್ನೂ ಬರೆದಿಟ್ಟರು. ಮಗಳು ಪುಸ್ತಕವನ್ನು ಇಸಿದುಕೊಂಡು ಓದಿ, ಮಗುವನ್ನು ಕರೆದೊಯ್ಯಲು ಇನ್ನೂ ಒಂದು ಶನಿವಾರ ಬೇಕೆಂದಳು.