ಚಕ್ಕುಲಿಯ ಅಸಲೆಷ್ಟು?

ನಮ್ಮಣ್ಣನ ಮಗಳು ಎಂ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ಹಾಸ್ಟೆಲಿನ ಊಟ ಬೇಸರವಾದಾಗಲೆಲ್ಲ ನಮ್ಮ ಮನೆಗೆ ಬಂದು ಎರಡು ದಿನ ಇದ್ದು ಹೋಗುವುದು ವಾಡಿಕೆ. ಈ ಸಲ ಬಂದವಳು ರಾತ್ರಿ ಊಟವಾದ ಮೇಲೆ ಮೇಜಿನ ತುಂಬ ಕಾಗದ ಹರವಿಕೊಂಡು ಕುಳಿತಳು. ಹಾಲಿಗೆ ಹೆಪ್ಪು ಹಾಕಿ ಬಂದು ನೋಡುತ್ತೇನೆ, ಒಂದು ಕಾಗದಕ್ಕೆ ನೀಲಿ ಪೆನ್ನು, ಮುಂದಿನದಕ್ಕೆ ಕಪ್ಪು ಪೆನ್ನು, ಅದರ ಮುಂದಿನದಕ್ಕೆ ಎಡಗೈ!

"ಏನೇ ಇದು?" ಅಂದೆ.

"ಪ್ರಾಜೆಕ್ಟ್ ಅತ್ತೆ. ಮನೇಲಿ ತಿಂಡಿ ಮಾಡಿ ಮಾರೋ ಗೃಹಿಣಿಯರ ಲಾಭ ನಷ್ಟದ ಬಗ್ಗೆ. ನೂರು ಜನ ಪ್ರಶ್ನಾವಳಿ ತುಂಬಿ ಕೊಡಬೇಕು. ನಲವತ್ತು ಸಿಕ್ಕಿದೆ. ಉಳಿದಿದ್ದು..." ಮಾತು ಅಲ್ಲಿಗೇ ನಿಂತಿತು.

ಉಳಿದ ಅರವತ್ತು ಮಂದಿ ಗೃಹಿಣಿಯರು ನಮ್ಮ ಊಟದ ಮೇಜಿನ ಮೇಲೆಯೇ ಹುಟ್ಟಿ, ತಿಂಡಿ ಮಾಡಿ, ಮಾರಿ, ಲಾಭವನ್ನೂ ಗಳಿಸುತ್ತಿದ್ದರು ಎನ್ನಿ! ಕೋಪ ಬಂತು. ಬೈದೆ ಕೂಡ. ಆದರೆ ಅವಳು ಹೇಳಿದ್ದನ್ನು ಕೇಳಿದ ಮೇಲೆ ಅರ್ಧ ತಪ್ಪು ನಮ್ಮಂಥವರದೇ ಅನ್ನಿಸಿತು. ಬಿಸಿಲಲ್ಲಿ ಮನೆಮನೆ ಸುತ್ತಿದರೆ ಒಬ್ಬರು ಕಿಟಕಿಯಿಂದಲೇ "ಏನೂ ಬೇಡಮ್ಮ, ಸೋಪು ಇದೆ" ಅನ್ನುತ್ತಾರಂತೆ. ಇನ್ನೊಬ್ಬರಿಗೆ ತೆರಿಗೆಯವರೋ ಎಂಬ ಭಯ. ಬಾಗಿಲು ತೆಗೆದವರೂ ದುಡ್ಡಿನ ಪ್ರಶ್ನೆ ಬಂದೊಡನೆ "ಅದೆಲ್ಲ ಅವರನ್ನ ಕೇಳು" ಎನ್ನುವರು. ಸಂಡಿಗೆ ಹಪ್ಪಳ ಮಾಡಿ ಅರ್ಧ ಊರಿಗೆ ಕೊಡುವಾಕೆಯೇ "ಅಯ್ಯೋ, ನಮ್ಮದೇನು ವ್ಯಾಪಾರಾನಾ, ಹೊತ್ತು ಹೋಗಲಿ ಅಂತ ಮಾಡೋದು" ಅಂದರಂತೆ. ಹೇಳಿ, ಹುಡುಗಿ ಏನು ಬರೆದುಕೊಳ್ಳಬೇಕು?

ಪ್ರಶ್ನಾವಳಿಯನ್ನೂ ನೋಡಿದೆ. ಅದೂ ಸಾಲದು. "ನಿಮ್ಮ ಲಾಭದ ಬಗ್ಗೆ ನಿಮಗೆ ತೃಪ್ತಿ ಇದೆಯೇ?" ಎಂದು ಕೇಳಿ ಐದು ಚೌಕ ಕೊಟ್ಟಿದ್ದಾರೆ. ಬಹಳ ತೃಪ್ತಿ, ತೃಪ್ತಿ, ಹೇಳಲಾರೆ, ಅತೃಪ್ತಿ, ಬಹಳ ಅತೃಪ್ತಿ. ಇದು ಅಮೆರಿಕದ ಲಿಕರ್ಟ್ ಎಂಬ ಮನಶ್ಶಾಸ್ತ್ರಜ್ಞ 1932ರಲ್ಲಿ ರೂಢಿಗೆ ತಂದ ಅಳತೆಗೋಲಂತೆ. ಜನರ ಅಭಿಪ್ರಾಯ ಅಳೆಯಲು ಒಳ್ಳೆಯ ಸಾಧನವೇ ಇರಬಹುದು. ಆದರೆ ಅತ್ತೆಯವರು ಪಕ್ಕದಲ್ಲೇ ಕುಳಿತು ಹೂ ಕಟ್ಟುತ್ತಿರುವಾಗ "ಬಹಳ ಅತೃಪ್ತಿ" ಎಂದು ಗುರುತು ಹಾಕುವ ಸೊಸೆ ಯಾರಿದ್ದಾಳೆ? ಎಲ್ಲರೂ ಎರಡನೆಯ ಚೌಕಕ್ಕೇ ಗುರುತು ಹಾಕಿದ್ದರು.

ಹುಡುಗರ ಪಟ್ಟಿಯಿಂದ ಏನಾಗುತ್ತದೆ ಎಂದು ಮೂಗು ಮುರಿಯುವಂತಿಲ್ಲ. ಆ ರಾತ್ರಿ ಅವಳಿಗೆ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯ ಸಂಗತಿ ಹೇಳಿದೆ. ಚಿತ್ತಗಾಂಗ್ ವಿಶ್ವವಿದ್ಯಾಲಯದ ಪಕ್ಕದ ಹಳ್ಳಿ ಅದು. 1976ರಲ್ಲಿ ಅಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಮುಹಮ್ಮದ್ ಯೂನುಸ್ ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಳ್ಳಿ ಸುತ್ತುತ್ತಿದ್ದರು. ಬಿದಿರಿನ ಮೊಡ್ಡಾ ಹೆಣೆಯುವ ಒಬ್ಬಾಕೆ ಸಿಕ್ಕಿದಳು. ಬಿದಿರಿಗೆ ಬೇಕಾದ 5 ಟಾಕಾ ಅವಳಲ್ಲಿಲ್ಲ. ಸಾಲ ಕೊಟ್ಟವನಿಗೇ, ಅವನು ಹೇಳಿದ ಬೆಲೆಗೇ ಮೊಡ್ಡಾ ಮಾರಬೇಕು. ದಿನವಿಡೀ ಹೆಣೆದರೆ ಅವಳಿಗೆ ಉಳಿಯುತ್ತಿದ್ದುದು ಅರ್ಧ ಟಾಕಾ. ಇಂಥವರು ಇನ್ನೆಷ್ಟು ಮಂದಿ ಇದ್ದಾರೆ ಎಂದು ಯೂನುಸ್ ಒಬ್ಬ ವಿದ್ಯಾರ್ಥಿನಿಗೆ ಪಟ್ಟಿ ಮಾಡಲು ಹೇಳಿದರು. ಪಟ್ಟಿ ಬಂತು: 42 ಮಂದಿ, ಎಲ್ಲರಿಗೂ ಸೇರಿ ಬೇಕಾದ ಹಣ 856 ಟಾಕಾ. ಅವರು ಕಿಸೆಯಿಂದಲೇ ಕೊಟ್ಟರು. ಗ್ರಾಮೀಣ ಬ್ಯಾಂಕಿಗೆ ಬೀಜ ಅದೇ. 1983ರಲ್ಲಿ ಅದು ಬ್ಯಾಂಕಾಯಿತು, 2006ರಲ್ಲಿ ಅದಕ್ಕೂ ಯೂನುಸರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. (ಮುಂದೆ ಕಿರುಸಾಲದ ಹೆಸರಿನಲ್ಲಿ ಎಲ್ಲೆಡೆ ನಡೆದುದೆಲ್ಲ ಒಳ್ಳೆಯದೇ ಎಂದು ನಾನು ಹೇಳುವುದಿಲ್ಲ. ವಸೂಲಿಯವರ ಕಾಟ ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.) "ಆ ಹುಡುಗಿ ನಿನ್ನ ಹಾಗೆ ಎಡಗೈಯಲ್ಲಿ ಬರೆದಿದ್ದರೆ 42ರ ಬದಲು ಚೊಕ್ಕವಾಗಿ 100 ಬರೆಯಬಹುದಿತ್ತು, ಅಲ್ವೇನೇ?" ಅಂದೆ.

ಹುಡುಗಿ ಬರೆದ ಕಾಗದಗಳನ್ನು ಹರಿದು ಹಾಕಿದಳು. ಬೆಳಿಗ್ಗೆ ಅವಳನ್ನು ನಮ್ಮ ಹಿಂದಿನ ಬೀದಿಯ ಚಕ್ಕುಲಿಯಮ್ಮನ ಮನೆಗೆ ಕರೆದುಕೊಂಡು ಹೋದೆ. ಹೆಸರು ಬೇಡ. ನಮ್ಮೂರಲ್ಲಿ ಎಲ್ಲರೂ ಹಾಗೇ ಕರೆಯುವುದು. ಮೂರು ವರ್ಷದಿಂದ ಒಂದು ಬೇಕರಿಗೆ ಚಕ್ಕುಲಿ ಕೊಡುತ್ತಾರೆ. ಆ ದುಡ್ಡಿನಲ್ಲೇ ಮಗಳ ಪಿ.ಯು.ಸಿ. ಫೀಸು ಕಟ್ಟಿದ್ದು ಎಂದು ಅವರಿಗೆ ಬಹಳ ಹೆಮ್ಮೆ. ಹೆಮ್ಮೆ ಪಡುವ ವಿಷಯವೇ.

"ಕೆ.ಜಿ.ಗೆ ಎಷ್ಟು ಉಳಿಯುತ್ತೆ ಆಂಟಿ?" ಎಂದಳು ಇವಳು.

"ಎಂಬತ್ತಕ್ಕೆ ಮೋಸವಿಲ್ಲ" ಎಂದರು ಥಟ್ಟನೆ. "3 ಕೆ.ಜಿ. ಅಕ್ಕಿಗೆ 165, ಉದ್ದಿನಬೇಳೆಗೆ 105, ಬೆಣ್ಣೆ 150, ಎಳ್ಳು ಜೀರಿಗೆ ಇಂಗು ಎಲ್ಲ 60. ಒಟ್ಟು 480. ಐದು ಕೆ.ಜಿ. ಆಗುತ್ತೆ. ಕೆ.ಜಿ.ಗೆ 180ರ ಹಾಗೆ 900 ಬರುತ್ತೆ. ನೀನೇ ಹೇಳು."

"ಎಣ್ಣೆ?"

"ಎಣ್ಣೆ ಮನೇದೇ ಅಲ್ವಾ!"

ಅಲ್ಲೇ ನೋಡಿ ಇರುವುದು. ಲೆಕ್ಕಶಾಸ್ತ್ರ ಓದುವ ಮಕ್ಕಳಿಗೆ ಮೊದಲ ವರ್ಷವೇ ಹೇಳಿಕೊಡುವ ಪಾಠ ಒಂದಿದೆ: ವ್ಯಾಪಾರ ಬೇರೆ, ವ್ಯಾಪಾರದ ಒಡೆಯ ಬೇರೆ. ಒಡೆಯನೇ ಅಂಗಡಿಯ ಡಬ್ಬದಿಂದ ಒಂದು ಬಿಸ್ಕತ್ತು ತೆಗೆದು ತಿಂದರೂ ಅವನ ಹೆಸರಿಗೆ ಬರೆಯಬೇಕು. ಮನೆಯ ಡಬ್ಬದಿಂದ ವ್ಯಾಪಾರದ ಬಾಣಲೆಗೆ ಎಣ್ಣೆ ಹೋದರೂ ಬರೆಯಬೇಕು. ವೆನಿಸ್ಸಿನ ವರ್ತಕರು ಜಮಾ ಖರ್ಚು ಎರಡೂ ಕಡೆ ಬರೆಯುತ್ತಿದ್ದ ಪದ್ಧತಿಯನ್ನು ಲೂಕಾ ಪಾಚಿಯೋಲಿ ಎಂಬ ಸನ್ಯಾಸಿ 1494ರಲ್ಲೇ ಅಚ್ಚು ಹಾಕಿಸಿದ. ಐನೂರು ವರ್ಷ ದಾಟಿದರೂ ನಮ್ಮ ಅಡಿಗೆಮನೆಯ ಹೊಸಿಲು ಅದಕ್ಕೆ ದಾಟಲಾಗಿಲ್ಲ!

ಹುಡುಗಿ ಪ್ರಶ್ನಾವಳಿಯನ್ನು ಬದಿಗಿಟ್ಟು ಸೆರಗು ಬಿಗಿದಳು. ಅಂದರೆ ಚೂಡಿದಾರದ ದುಪಟ್ಟ. ಚಕ್ಕುಲಿ ಮಾಡುವ ಒಂದು ದಿನ ಪೂರ್ತಿ ಅಲ್ಲೇ ಕುಳಿತಳು. ಹಿಟ್ಟಿನ ಗಿರಣಿಯವರಿಂದ ತಕ್ಕಡಿ ತರಿಸಿ, ಒಲೆ ಹಚ್ಚುವ ಮೊದಲು ಗ್ಯಾಸ್ ಸಿಲಿಂಡರ್ ತೂಗಿದಳು. ಸಂಜೆ ಮತ್ತೆ ತೂಗಿದಳು. 700 ಗ್ರಾಂ ಇಳಿದಿತ್ತು. ತುಂಬಿದ ಸಿಲಿಂಡರಿನಲ್ಲಿ 14.2 ಕೆ.ಜಿ. ಗ್ಯಾಸ್ ಇರುವುದರಿಂದ ಸಿಲಿಂಡರಿನ ಬೆಲೆಯನ್ನು 14.2ರಿಂದ ಭಾಗಿಸಿದರೆ ಕೆ.ಜಿ.ಯ ಬೆಲೆ ಸಿಗುತ್ತದೆ. 45 ರೂಪಾಯಿ ಬಿತ್ತು. ನೀವೂ ಹೀಗೆ ನೋಡಬಹುದು, ಬಹಳ ಸುಲಭ. ಬಾಣಲೆಗೆ 2 ಲೀಟರ್ ಎಣ್ಣೆ ಸುರಿದದ್ದು, ಆರಿದ ಮೇಲೆ ಅಳೆದರೆ ಮುಕ್ಕಾಲು ಲೀಟರ್ ಉಳಿದಿತ್ತು. "ಅರ್ಧ ಲೀಟರ್ ಹಿಡಿಯಬಹುದೇನೋ ಅಂದ್ಕೊಂಡಿದ್ದೆ" ಎಂದು ಚಕ್ಕುಲಿಯಮ್ಮ ಬೆರಗಾದರು. ಎಣ್ಣೆಗೆ 190. ಗಿರಣಿಗೆ 30, ಕವರಿಗೆ 25, ಬೇಕರಿಗೆ ಕೊಟ್ಟು ಬರುವ ಸ್ಕೂಟರಿನ ಪೆಟ್ರೋಲಿಗೆ 20. ಐದು ಕೆ.ಜಿ.ಯಲ್ಲಿ ಮುರಿದು ಪುಡಿಯಾದದ್ದು ಅರ್ಧ ಕೆ.ಜಿ., ಅದನ್ನು ಬೇಕರಿಯವರು ತೆಗೆದುಕೊಳ್ಳುವುದಿಲ್ಲ. ಹಿತ್ತಾಳೆಯ ಚಕ್ಕುಲಿ ಒರಳಿಗೂ ಬಾಣಲೆಗೂ ಸವಕಳಿ ಹಾಕಬೇಕೆಂದಾಗ ಮಾತ್ರ ಆಕೆ ಒಪ್ಪಲಿಲ್ಲ. "ಒರಳು ನಮ್ಮಮ್ಮ ಕೊಟ್ಟಿದ್ದು, ಅದು ಸವೆಯಲ್ಲ ಬಿಡು!"

ಬಂದದ್ದು ನಾಲ್ಕೂವರೆ ಕೆ.ಜಿ.ಗೆ 810. ಹೋದದ್ದು 790. ಉಳಿದದ್ದು 20 ರೂಪಾಯಿ.

ಆಕೆಯ ಏಳು ಗಂಟೆಯ ದುಡಿಮೆ, ಮಗಳು ಸಂಜೆ ಕವರಿಗೆ ತುಂಬಿದ ಎರಡು ಗಂಟೆ, ಎರಡೂ ಸೇರಿ ಇಪ್ಪತ್ತು. 2024-25ರಲ್ಲಿ ಉದ್ಯೋಗ ಖಾತರಿ ಯೋಜನೆಯಲ್ಲಿ ನಮ್ಮ ರಾಜ್ಯದ ದಿನಗೂಲಿಯೇ 349 ರೂಪಾಯಿ ಇತ್ತು.

ಚಕ್ಕುಲಿಯಮ್ಮ ಮಾತಾಡಲಿಲ್ಲ. ಒಳಗೆ ಹೋಗಿ ಕಾಫಿ ತಂದರು. ಲೋಟ ಇಡುತ್ತಾ, "ಹಾಗಾದ್ರೆ ಮೂರು ವರ್ಷದಿಂದ ಇವರ ದುಡ್ಡನ್ನೇ ಇವರಿಗೆ ನನ್ನ ಸಂಪಾದನೆ ಅಂತ ತೋರಿಸ್ತಾ ಇದ್ದೀನಾ ಅಕ್ಕಾ?" ಎಂದರು. ನನಗೆ ಯಾಕಾದರೂ ಬಂದೆವೋ ಅನ್ನಿಸಿಬಿಟ್ಟಿತು. ಹಜಾರದಲ್ಲಿ ಪೇಪರು ಓದುತ್ತಿದ್ದ ಯಜಮಾನರು "ನಾನು ಮೊದಲೇ ಹೇಳಿದ್ದೆ, ನಿಲ್ಲಿಸು ಅಂತ" ಎಂದು ಒಂದು ಒಗ್ಗರಣೆಯನ್ನೂ ಹಾಕಿದರು.

ಲೆಕ್ಕ ಅಂದರೆ ಹೀಗೇ. ದೀಪವೂ ಆದೀತು, ಬೆತ್ತವೂ ಆದೀತು, ಹಿಡಿದವರ ಕೈ ನೋಡಿ. ಆಗ ನಮ್ಮ ಹುಡುಗಿ ಆಡಿದ ಮಾತು ನನಗೆ ಮೆಚ್ಚುಗೆಯಾಯಿತು. "ಇಲ್ಲ ಅಂಕಲ್, ಆಂಟಿ ಕೆಲಸ ತಪ್ಪಿಲ್ಲ, ಬೆಲೆ ತಪ್ಪಿದೆ. ಲಾಭ ಬೇಕರಿಯವರಿಗೆ ಹೋಗ್ತಾ ಇದೆ. ಮನೆ ಎಣ್ಣೆ ಲೆಕ್ಕ ಹಿಡಿಯೋದಾದ್ರೆ ಮನೆ ಅಡಿಗೆ ಮಾಡೋ ಕೂಲೀನೂ ಹಿಡೀಬೇಕಾಗುತ್ತೆ." ಯಜಮಾನರು ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡರು.

ಅವಳು ಹೇಳಿದ್ದು ತಮಾಷೆಗಲ್ಲ. ಮನೆಗೆಲಸದವಳನ್ನು ಯಜಮಾನನೇ ಮದುವೆಯಾದರೆ ದೇಶದ ವರಮಾನ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ ಎಂದು ಪಿಗೂ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ 1920ರಲ್ಲೇ ತೋರಿಸಿಕೊಟ್ಟಿದ್ದ. ಕೆಲಸ ಅದೇ, ಕೈ ಅದೇ. ಸಂಬಳ ನಿಂತಿತು, ಲೆಕ್ಕದಿಂದ ಮಾಯವಾಯಿತು! 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನರ ಸಮಯದ ಲೆಕ್ಕ ಹಾಕಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ನಮ್ಮ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ, ನೋಡಿ.

ಚಕ್ಕುಲಿಯಮ್ಮ ನಿಲ್ಲಿಸಲಿಲ್ಲ. ಬೇಕರಿಯವರಿಗೆ ಧೈರ್ಯ ಮಾಡಿ 220 ಹೇಳಿದರು. ಆತ ಗೊಣಗಿ, ಐದು ಕೆ.ಜಿ. ಬದಲು ಮೂರೇ ಸಾಕೆಂದ. ಉಳಿದದ್ದನ್ನು ಕಾಲು ಕೆ.ಜಿ. ಪೊಟ್ಟಣ ಕಟ್ಟಿ 70 ರೂಪಾಯಿಗೆ ಬೀದಿಯವರಿಗೇ ಕೊಡುತ್ತಿದ್ದಾರೆ. ಕವರಿನ ಖರ್ಚು ತುಸು ಏರಿದರೂ ಈಗ ಒಂದು ಸಲಕ್ಕೆ ಸುಮಾರು 280 ಉಳಿಯುತ್ತದೆ. ಆ ದಿನಗೂಲಿಗೆ ಇದೂ ಸಮವಲ್ಲ. ಪುಡಿಯನ್ನು ಮನೆಯವರು ಮಂಡಕ್ಕಿಗೆ ಬೆರೆಸಿ ತಿನ್ನುತ್ತಾರೆ. ಅದನ್ನೂ ಯಜಮಾನರ ಲೆಕ್ಕಕ್ಕೆ ಬರೆಯಿರಿ ಎಂದು ನಮ್ಮ ಹುಡುಗಿಯ ಆಜ್ಞೆ!

ಅವಳ ಪ್ರಾಜೆಕ್ಟಿನ ವಿಷಯ ಹೇಳದೆ ಇದ್ದರೆ ನೀವು ಬಿಡುವುದಿಲ್ಲ. ನೂರರ ಬದಲು ನಲವತ್ತೊಂದೇ ಉತ್ತರ ಎಂದು ಮೊದಲ ಪುಟದಲ್ಲೇ ಬರೆದು, ಚಕ್ಕುಲಿಯ ವೆಚ್ಚದ ಪಟ್ಟಿಯನ್ನು ಒಂದು ಅಧ್ಯಾಯವಾಗಿಸಿ ಒಪ್ಪಿಸಿದಳು. ಮಾರ್ಗದರ್ಶಕರು "ಸ್ಯಾಂಪಲ್ ಸಾಲದು" ಎಂದು ಕೆಂಪು ಶಾಯಿಯಲ್ಲಿ ಬರೆದರಂತೆ. ಅಂಕ ಇನ್ನೂ ಬಂದಿಲ್ಲ. ರೆಕ್ಸಿನ್ ರಟ್ಟು, ಚಿನ್ನದಕ್ಷರದ ಪುಸ್ತಕ ತಂದು ಚಕ್ಕುಲಿಯಮ್ಮನಿಗೆ ತೋರಿಸಿದಳು. ಆಕೆ ಸೀರೆಯಂಚಿಗೆ ಕೈ ಒರೆಸಿಕೊಂಡು, ಹಾಳೆ ತಿರುವಿ, "ಎಲ್ಲ ಇಂಗ್ಲಿಷಲ್ಲೇ ಇದೆಯಲ್ಲೇ ಮಗೂ, ನನ್ನ ಲೆಕ್ಕ ನನಗೇ ಓದೋಕೆ ಬರಲ್ಲ" ಎಂದರು.

ಹುಡುಗಿ ಅಲ್ಲೇ ಕುಳಿತು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕನ್ನಡದಲ್ಲಿ ಗೆರೆ ಎಳೆದುಕೊಟ್ಟಳು. ಅಕ್ಕಿ, ಬೇಳೆ, ಬೆಣ್ಣೆ, ಎಣ್ಣೆ, ಗ್ಯಾಸು, ಗಿರಣಿ, ಕವರು, ಪೆಟ್ರೋಲು, ಪುಡಿ, ಕೊನೆಯಲ್ಲಿ ಕೈಕೆಲಸ. ಅದೀಗ ಅವರ ಒಲೆಯ ಪಕ್ಕದ ಮೊಳೆಗೆ ನೇತಾಡುತ್ತಿದೆ. ಮೊನ್ನೆ ಅರಿಶಿನ ಕುಂಕುಮಕ್ಕೆ ಹೋದಾಗ ನನ್ನನ್ನು ಒಳಗೆ ಕರೆದು, "ಅಕ್ಕಾ, ಎಲ್ಲಾ ತುಂಬಿಸಿದೀನಿ. ಈ ಕೈಕೆಲಸಕ್ಕೆ ಗಂಟೆಗೆ ಎಷ್ಟು ಅಂತ ಬರೀಲಿ?" ಎಂದು ಕೇಳಿದರು. ನೋಡಿದೆ. 40 ಎಂದು ಬರೆದು, ಅಳಿಸಿ, 25 ಎಂದು ಬರೆದು, ಮತ್ತೆ ಅಳಿಸಿದ್ದರು. ಪೆನ್ಸಿಲಿನಲ್ಲಿ.