ಲಾಗಿನ್ ಎಂಬುದೂ ಒಂದು ಸಹಿ

ನಿವೃತ್ತನಾಗಿ ಎಂಟು ತಿಂಗಳಾದ ಮೇಲೆ, ಪಿಂಚಣಿಗೆ ಸಂಬಂಧಿಸಿದ ಒಂದು ಕಾಗದಕ್ಕಾಗಿ ನಾನು ಕೊನೆಯದಾಗಿ ಸೇವೆ ಸಲ್ಲಿಸಿದ ಕಚೇರಿಗೆ ಹೋಗಿದ್ದೆ. ಹಳೆಯ ಪರಿಚಯದ ವಿಷಯ ನಿರ್ವಾಹಕರು ಕುರ್ಚಿ ಕೊಟ್ಟು, ಕಾಫಿ ತರಿಸಿ, ‘ಸಾರ್, ನೀವು ಹೋದರೂ ನಿಮ್ಮ ಹೆಸರು ಇಲ್ಲೇ ಇದೆ ನೋಡಿ’ ಎಂದು ನಗುತ್ತ ಕಂಪ್ಯೂಟರಿನ ಪರದೆಯನ್ನು ತೋರಿಸಿದರು. ನನ್ನ ಉತ್ತರಾಧಿಕಾರಿಗೆ ಹೊಸ ಖಾತೆ ಇನ್ನೂ ಮಂಜೂರಾಗಿರಲಿಲ್ಲ. ಅಷ್ಟೂ ದಿನ ಕಡತಗಳು ನನ್ನ ಹೆಸರಿನಲ್ಲಿಯೇ ಮುಂದಕ್ಕೆ ಸಾಗುತ್ತಿದ್ದವು. ಅವರು ಅದನ್ನು ಗೌರವವೆಂದು ಭಾವಿಸಿದ್ದರು. ನನಗೆ ಕಾಫಿ ಗಂಟಲಿನಲ್ಲಿ ಇಳಿಯಲಿಲ್ಲ. ತಪ್ಪು ಅವರೊಬ್ಬರದೇ ಅಲ್ಲ. ಸೇವೆಯಲ್ಲಿದ್ದಾಗ ಕೆಲಸದ ಒತ್ತಡದಲ್ಲಿ ಅವರಿಗೆ ಪಾಸ್‌ವರ್ಡ್ ಹೇಳಿದ್ದವನು ನಾನೇ.

ಸರ್ಕಾರಿ ಕಚೇರಿಗಳಲ್ಲಿ ಪ್ರಭಾರ ಹಸ್ತಾಂತರಕ್ಕೆ ದೀರ್ಘ ಸಂಪ್ರದಾಯವಿದೆ. ಬೀಗದ ಕೈ, ಚೆಕ್ ಪುಸ್ತಕ, ನಗದು ವಹಿ, ಮೊಹರು ಎಲ್ಲವೂ ಪಟ್ಟಿಯಾಗಿ, ಕೊಟ್ಟವರ ಹಾಗೂ ಪಡೆದವರ ಸಹಿ ಬೀಳುತ್ತದೆ. ಖಜಾನೆಯ ಭದ್ರತಾ ಕೊಠಡಿಗೆ ಜೋಡಿ ಬೀಗವಿದ್ದು, ಎರಡು ಕೀಲಿಗಳು ಇಬ್ಬರ ಕೈಯಲ್ಲಿರುತ್ತವೆ. ಒಬ್ಬನಲ್ಲಿ ಅವಿಶ್ವಾಸವಿದೆ ಎಂಬುದಲ್ಲ, ಹೊಣೆ ಯಾರದೆಂಬುದು ಸ್ಪಷ್ಟವಾಗಿರಲಿ ಎಂಬುದೇ ಇದರ ಉದ್ದೇಶ. ಆದರೆ ನಾನು ಸಹಿ ಮಾಡಿದ ಯಾವ ಪ್ರಭಾರ ಪತ್ರದಲ್ಲಿಯೂ ಲಾಗಿನ್ ಖಾತೆಗೆ ಒಂದು ಸಾಲಿನ ಸ್ಥಳವಿರಲಿಲ್ಲ.

ಜಾಲಕ್ಕೆ ಜೋಡಿಸಿದ ಕಚೇರಿ ಕಂಪ್ಯೂಟರಿನಲ್ಲಿ ಬಳಕೆದಾರನ ಖಾತೆಯೆಂದರೆ ಕೇವಲ ಒಳಪ್ರವೇಶದ ಚೀಟಿಯಲ್ಲ. ಯಾವ ಕಡತ ನೋಡಬಹುದು, ಯಾವುದನ್ನು ತಿದ್ದಬಹುದು, ಯಾವುದಕ್ಕೆ ಅನುಮೋದನೆ ನೀಡಬಹುದು ಎಂಬ ಅಧಿಕಾರಗಳೆಲ್ಲ ಅದಕ್ಕೆ ಅಂಟಿಕೊಂಡಿರುತ್ತವೆ. ಕೆಲವು ವ್ಯವಸ್ಥೆಗಳಲ್ಲಿ ಬಳಕೆದಾರನ ಪ್ರೊಫೈಲ್ ಕೇಂದ್ರದ ಸರ್ವರ್‌ನಲ್ಲಿದ್ದು, ಆತ ಯಾವ ಮೇಜಿನ ಮುಂದೆ ಕುಳಿತರೂ ಅವನ ದಾಖಲೆಗಳು, ಆಯ್ಕೆಗಳು ಅಲ್ಲಿಗೆ ಹಿಂಬಾಲಿಸಿ ಬರುತ್ತವೆ. ಅಂದರೆ ಖಾತೆಯನ್ನು ಬೇರೊಬ್ಬರಿಗೆ ಬಿಟ್ಟುಕೊಡುವುದು ಬರಿ ಹಾಳೆಗೆ ಸಹಿ ಹಾಕಿ ಕೊಟ್ಟಂತೆ.

ನಮ್ಮ ರಾಜ್ಯಕ್ಕೆ ಈ ತಿಳಿವಳಿಕೆ ಹೊಸದಲ್ಲ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದಾಗ, ಪಹಣಿ ತಿದ್ದುವ ಸಿಬ್ಬಂದಿಯನ್ನು ಪಾಸ್‌ವರ್ಡಿನಿಂದಷ್ಟೇ ಅಲ್ಲದೆ ಬೆರಳಚ್ಚಿನಿಂದಲೂ ಗುರುತಿಸುವ ಏರ್ಪಾಡಾಯಿತು. ಪಾಸ್‌ವರ್ಡನ್ನು ಎರವಲು ಕೊಡಬಹುದು, ಬೆರಳನ್ನಲ್ಲ. ಆ ವಿವೇಕ ಇತರ ಕಚೇರಿಗಳ ದೈನಂದಿನ ವ್ಯವಹಾರಕ್ಕೆ ಅದೇ ಪ್ರಮಾಣದಲ್ಲಿ ಹರಡಲಿಲ್ಲ.

ಹಾಗಾದರೆ ನೌಕರರು ಪಾಸ್‌ವರ್ಡ್ ಹಂಚಿಕೊಳ್ಳುವುದೇಕೆ? ಸೋಮಾರಿತನದಿಂದ ಎಂದು ಹೇಳಿಬಿಡುವುದು ಸುಲಭ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಬೇರೆ ಕಾರಣ ಕಾಣುತ್ತದೆ. ನಿಯಮ ಪಾಲನೆಯ ವೆಚ್ಚ ಅದರ ಉಲ್ಲಂಘನೆಯ ವೆಚ್ಚಕ್ಕಿಂತ ಹೆಚ್ಚಾದಾಗ ಸಾಮಾನ್ಯ ಮನುಷ್ಯ ಉಲ್ಲಂಘನೆಯನ್ನೇ ಆರಿಸಿಕೊಳ್ಳುತ್ತಾನೆ. 2011ರ ಸಕಾಲ ಕಾಯ್ದೆಯು ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ನಿಗದಿಪಡಿಸಿತು. ಅದು ಒಳ್ಳೆಯ ಕಾಯ್ದೆಯೇ. ಆದರೆ ಅಧಿಕಾರಿ ರಜೆಯಲ್ಲಿದ್ದು, ಗಡುವು ಮುಗಿಯುತ್ತಿದ್ದು, ಪ್ರಭಾರಿಗೆ ಖಾತೆ ದೊರೆಯಲು ವಾರಗಳು ಬೇಕೆಂದಾದರೆ, ಗುಮಾಸ್ತ ಏನು ಮಾಡಬೇಕು? ದೂರವಾಣಿ ಮಾಡಿ ಪಾಸ್‌ವರ್ಡ್ ಕೇಳುತ್ತಾನೆ. ಅರ್ಜಿದಾರನ ಕೆಲಸವಾಗುತ್ತದೆ, ಹೊಣೆಗಾರಿಕೆ ಮಾತ್ರ ಅನಾಥವಾಗುತ್ತದೆ.

ಒಂದು ದಿನ ಅಕ್ರಮ ಬಯಲಾದಾಗ ಇದರ ಬೆಲೆ ತಿಳಿಯುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯ 66ಸಿ ಕಲಮಿನ ಪ್ರಕಾರ, ಮತ್ತೊಬ್ಬರ ಪಾಸ್‌ವರ್ಡನ್ನು ವಂಚನೆಯ ಉದ್ದೇಶದಿಂದ ಬಳಸಿದರೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಐದು ಜನ ಬಳಸಿದ ಖಾತೆಯಲ್ಲಿ ವಂಚಿಸಿದವರಾರು? ದಾಖಲೆ ತೋರಿಸುವುದು ಒಂದೇ ಹೆಸರನ್ನು. ಸಂಶಯದ ಬೆರಳು ಮೊದಲು ತಿರುಗುವುದು ಅತ್ಯಂತ ದುರ್ಬಲನ ಕಡೆಗೆ, ಎಷ್ಟೋ ಬಾರಿ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್ ಕಡೆಗೆ. ಹೇಳಿದಂತೆ ಮಾಡಿದವನು ಕೆಲಸ ಕಳೆದುಕೊಳ್ಳುತ್ತಾನೆ. ಹೇಳಿದವರು ಯಾರೆಂಬುದಕ್ಕೆ ದಾಖಲೆಯೇ ಇರುವುದಿಲ್ಲ.

ಪರಿಹಾರಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ಪ್ರಭಾರ ಪತ್ರದಲ್ಲಿ ‘ಲಾಗಿನ್ ಖಾತೆ ಮುಚ್ಚಲಾಗಿದೆ’ ಎಂಬ ಒಂದು ಕಾಲಂ ಸೇರಲಿ. ಡಿಜಿಟಲ್ ಸಹಿಯ ಟೋಕನ್ ಕೂಡ ಅದೇ ಪಟ್ಟಿಯಲ್ಲಿರಲಿ. ಹೊಸಬರು ವರದಿ ಮಾಡಿಕೊಂಡ ದಿನವೇ ಖಾತೆ ತೆರೆಯುವ ಅಧಿಕಾರ ಜಿಲ್ಲಾ ಮಟ್ಟದಲ್ಲಿರಲಿ. ರಜೆಯ ಅವಧಿಗೆ ಪ್ರಭಾರಿಗೆ ಅವರದೇ ಹೆಸರಿನಲ್ಲಿ ತಾತ್ಕಾಲಿಕ ಅಧಿಕಾರ ದೊರೆತು, ಅವಧಿ ಮುಗಿದೊಡನೆ ಅದು ತಾನಾಗಿ ರದ್ದಾಗಲಿ. ಮೂರು ತಿಂಗಳಿಗೊಮ್ಮೆ ಕಚೇರಿಯ ಮುಖ್ಯಸ್ಥರು ಖಾತೆಗಳ ಪಟ್ಟಿಯನ್ನು ಹಾಜರಿ ಪುಸ್ತಕದೊಡನೆ ತಾಳೆ ನೋಡಲಿ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ಕಡ್ಡಾಯದಿಂದ ಭದ್ರತೆ ಹೆಚ್ಚುವುದಿಲ್ಲ. ಮಾನಿಟರಿಗೆ ಅಂಟಿಸಿದ ಚೀಟಿಗಳಷ್ಟೇ ಹೆಚ್ಚುತ್ತವೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯೂ 2017ರ ಮಾರ್ಗಸೂಚಿಯಲ್ಲಿ ಇಂಥ ಕಡ್ಡಾಯ ಬೇಡವೆಂದೇ ಸಲಹೆ ನೀಡಿತು.

ಅಂದು ಮನೆಗೆ ಬಂದವನೇ ಕಚೇರಿಯ ಮುಖ್ಯಸ್ಥರಿಗೆ ಪತ್ರ ಬರೆದು, ಸ್ವೀಕೃತಿ ಪಡೆದೆ. ಹದಿನೈದು ದಿನಗಳಲ್ಲಿ ನನ್ನ ಖಾತೆ ಮುಚ್ಚಿತು. ಆದರೆ ಆ ಎಂಟು ತಿಂಗಳ ಕಡತಗಳಲ್ಲಿ ನನ್ನ ಹೆಸರು ಹಾಗೆಯೇ ಉಳಿದಿದೆ. ಅವುಗಳಲ್ಲಿ ಯಾರ ಜಮೀನು, ಯಾರ ಬಡ್ತಿ, ಯಾರ ಬಿಲ್ಲು ತೀರ್ಮಾನವಾಯಿತೋ ನಾನು ಅರಿಯೆ. ಕೇಳಿದರೆ ಉತ್ತರ ಹೇಳಬೇಕಾದವನು ಮಾತ್ರ ದಾಖಲೆಯ ಪ್ರಕಾರ ನಾನು.